ಗಲ್ಲಿಗೆ ಗಡಿ ಹಾಕಿದ ದಿವಾನ: ಯಳಂದೂರಿನ ಜಹಗೀರುದಾರ ಪೂರ್ಣಯ್ಯ

ಯಳಂದೂರು: ಬಿಳಿಗಿರಿರಂಗನ ಬೆಟ್ಟಕ್ಕೆ ಹೊರಟ ಪ್ರವಾಸಿಗರು ದಾರಿಯಲ್ಲಿ ಸಿಗುವ ಯಳಂದೂರಿನಲ್ಲಿ ಇಳಿದರೆ ಸಾಮಾನ್ಯವಾಗಿ ನೋಡುವುದು ಗೌರೀಶ್ವರ ದೇವಾಲಯವನ್ನು ಮತ್ತು ಅದರ ಮುಂದಿರುವ ಬಳೆ ಮಂಟಪವನ್ನು. ಅದೇ ಊರಿನಲ್ಲಿರುವ ಜಹಗೀರುದಾರರ ಬಂಗಲೆಯತ್ತ ಹೆಜ್ಜೆ ಹಾಕುವವರು ವಿರಳ. ಎರಡು ಶತಮಾನಗಳ ಹಿಂದೆ ಈ ಸೀಮೆಯನ್ನು ಜಹಗೀರಾಗಿ ಪಡೆದ ದಿವಾನ್ ಪೂರ್ಣಯ್ಯನವರ ಮನೆತನಕ್ಕೆ ಸೇರಿದ ಕಟ್ಟಡವದು. ಹೈದರ್ ಅಲಿ, ಟಿಪ್ಪು ಸುಲ್ತಾನ್ ಮತ್ತು ಒಡೆಯರು ಎಂಬ ಮೂರು ಆಳ್ವಿಕೆಗಳಲ್ಲಿ ಅಧಿಕಾರದ ಗದ್ದುಗೆಯ ಪಕ್ಕದಲ್ಲೇ ಉಳಿದ ಮತ್ತೊಬ್ಬ ಆಡಳಿತಗಾರ ಮೈಸೂರಿನ ಚರಿತ್ರೆಯಲ್ಲಿ ಸಿಗುವುದು ಕಷ್ಟ.

ಪೂರ್ಣಯ್ಯನವರನ್ನು ನಾಡು ನೆನೆಯುವುದು ಸೇತುವೆ, ಕಾಲುವೆ, ಛತ್ರ ಮತ್ತು ತುಂಬಿದ ಬೊಕ್ಕಸದ ಕಾರಣಕ್ಕೆ. ಅವರನ್ನು ಟೀಕಿಸುವವರು ಎತ್ತುವುದು ಒಡೆಯ ಬದಲಾದಾಗಲೂ ಕುರ್ಚಿ ಬಿಡದ ಅವರ ಜಾಣತನವನ್ನು. ಇವೆರಡರ ನಡುವೆ ಮರೆಯಾಗಿ ಹೋದ ಮೂರನೆಯ ಸಂಗತಿಯೊಂದಿದೆ. ಮನುಷ್ಯನ ಪ್ರಾಣ ತೆಗೆಯುವ ಅಧಿಕಾರ ರಾಜ್ಯಕ್ಕೆ ಎಷ್ಟಿರಬೇಕು, ಅದನ್ನು ಯಾರು ಚಲಾಯಿಸಬೇಕು ಎಂಬ ಪ್ರಶ್ನೆಗೆ ಅವರ ಆಡಳಿತ ಒಂದು ಉತ್ತರ ಕೊಟ್ಟಿತ್ತು. ಮರಣದಂಡನೆ ಬೇಕೇ, ಬೇಡವೇ ಎಂಬ ಚರ್ಚೆ ಇಂದಿಗೂ ಮುಗಿಯದಿರುವಾಗ ಆ ಉತ್ತರವನ್ನು ಮತ್ತೊಮ್ಮೆ ತೆರೆದು ನೋಡಬೇಕಾಗಿದೆ. ಆ ಉತ್ತರದಲ್ಲಿ ಬೆಳಕೂ ಇದೆ, ನೆರಳೂ ಇದೆ.

ಲೆಕ್ಕದ ಪುಸ್ತಕದಿಂದ ದರ್ಬಾರಿಗೆ

ಪೂರ್ಣಯ್ಯ ಹುಟ್ಟಿದ್ದು 1746ರಲ್ಲಿ, ಕೊಯಮತ್ತೂರು ಸೀಮೆಯ ಮಾಧ್ವ ಬ್ರಾಹ್ಮಣ ಕುಟುಂಬವೊಂದರಲ್ಲಿ. ಇನ್ನೂ ಬಾಲಕನಾಗಿದ್ದಾಗಲೇ ತಂದೆ ತೀರಿಕೊಂಡರು. ಮನೆಯ ಹೊರೆ ಹೆಗಲಿಗೆ ಬಿತ್ತು. ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯುವ ಕೆಲಸದಿಂದ ಅವರ ಬದುಕು ಆರಂಭವಾಯಿತು. ಬಳಿಕ ಹೈದರ್ ಅಲಿಯ ಕಡೆಯವರಿಗೆ ಸರಕು ಪೂರೈಸುತ್ತಿದ್ದ ಅನ್ನದಾನ ಶೆಟ್ಟಿ ಎಂಬ ವರ್ತಕರ ಬಳಿ ಸೇರಿದರು. ದುಂಡಗಿನ ಅಕ್ಷರ, ತಪ್ಪಿಲ್ಲದ ಲೆಕ್ಕ, ಅಪಾರ ಜ್ಞಾಪಕಶಕ್ತಿ ಹಾಗೂ ಹಲವು ಭಾಷೆಗಳ ಮೇಲಿನ ಹಿಡಿತ ಈ ಯುವಕನನ್ನು ಶ್ರೀರಂಗಪಟ್ಟಣದ ತೋಷಖಾನೆಯ ಬಾಗಿಲಿಗೆ ತಂದು ನಿಲ್ಲಿಸಿದವು. ಅಲ್ಲಿಂದ ಮೇಲೇರುವುದಕ್ಕೆ ಹೆಚ್ಚು ಕಾಲ ಹಿಡಿಯಲಿಲ್ಲ. ಹೈದರನ ಹಣಕಾಸಿನ ವ್ಯವಹಾರವನ್ನು ಕೃಷ್ಣರಾಯರೊಂದಿಗೆ ನೋಡಿಕೊಳ್ಳುವ ಮಟ್ಟಕ್ಕೆ ಅವರು ಬೆಳೆದರು.

ಆ ದರ್ಬಾರು ಅಳ್ಳೆದೆಯವರಿಗೆ ತಕ್ಕದ್ದಾಗಿರಲಿಲ್ಲ. 1779ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ ಕ್ರೈಸ್ತ ಪಾದ್ರಿ ಶ್ವಾರ್ಟ್ಸ್, ಹೈದರನ ಬಳಿ ಚಾವಟಿ ಹಿಡಿದ ಸುಮಾರು ಇನ್ನೂರು ಮಂದಿ ಸದಾ ಸಿದ್ಧರಿರುತ್ತಿದ್ದರೆಂದೂ, ದೊಡ್ಡ ಅಧಿಕಾರಿಗಳಿಗೂ ಏಟು ತಪ್ಪುತ್ತಿರಲಿಲ್ಲವೆಂದೂ ದಾಖಲಿಸಿದ್ದಾರೆ. ಶಿಕ್ಷೆ ಎಂಬುದು ಕಾನೂನಿನ ಮಾತಾಗಿರದೆ ಅರಸನ ಮನಸ್ಸಿನ ಮಾತಾಗಿತ್ತು. ಆ ಕಾಲದ ಭಾರತದ ಬಹುತೇಕ ಆಸ್ಥಾನಗಳ ಸ್ಥಿತಿಯೂ ಇದೇ. ಲೆಕ್ಕ ತಪ್ಪಿದರೆ ಬೆನ್ನು, ನಿಷ್ಠೆ ತಪ್ಪಿದರೆ ತಲೆ ಎಂಬ ಆ ವಾತಾವರಣದಲ್ಲಿ ಪೂರ್ಣಯ್ಯ ಆಡಳಿತವನ್ನು ಕಲಿತರು.

1782ರ ಡಿಸೆಂಬರ್ 7ರಂದು ಚಿತ್ತೂರಿನ ಬಳಿಯ ಪಾಳೆಯದಲ್ಲಿ ಹೈದರ್ ಅಲಿ ಕೊನೆಯುಸಿರೆಳೆದಾಗ ಪೂರ್ಣಯ್ಯನವರ ನಿಜವಾದ ಪರೀಕ್ಷೆ ಎದುರಾಯಿತು. ಟಿಪ್ಪು ದೂರದ ಮಲಬಾರಿನಲ್ಲಿದ್ದ. ಇಂಗ್ಲಿಷರೊಂದಿಗೆ ಯುದ್ಧ ನಡೆಯುತ್ತಿತ್ತು. ಸುದ್ದಿ ಹೊರಬಿದ್ದಿದ್ದರೆ ಸೇನೆ ಚದುರುತ್ತಿತ್ತು. ಪೂರ್ಣಯ್ಯ ಮತ್ತು ಕೃಷ್ಣರಾಯರು ಮುಖ್ಯ ಸರದಾರರ ಒಪ್ಪಿಗೆಯಿಂದ ಸಾವಿನ ಸುದ್ದಿಯನ್ನೇ ಮುಚ್ಚಿಟ್ಟರು. ಶವವನ್ನು ಪೆಟ್ಟಿಗೆಯಲ್ಲಿರಿಸಿ ಖಜಾನೆ ಸಾಗಿಸುವಂತೆ ಕೋಲಾರಕ್ಕೆ ಕಳುಹಿಸಿದರು. ಅಷ್ಟರಲ್ಲಿ ಪಾಳೆಯದೊಳಗೇ ಒಂದು ಪಿತೂರಿ ತಲೆಯೆತ್ತಿತು. ಟಿಪ್ಪುವಿನ ತಮ್ಮನನ್ನು ಪಟ್ಟಕ್ಕೆ ತರಲು, ಅಡ್ಡಬಂದ ಮಂತ್ರಿಗಳನ್ನು ಮುಗಿಸಲು ಕೆಲವರು ಹೊಂಚು ಹಾಕಿದ್ದರು. ವಿಷಯ ಬಯಲಾದಾಗ, ಹೈದರನ ಅಪ್ಪಣೆಯೆಂಬಂತೆಯೇ ಪಿತೂರಿಗಾರರಿಗೆ ಕೋಳ ತೊಡಿಸಿ ಸೆರೆಯಲ್ಲಿಡಲಾಯಿತು. ತಮ್ಮ ಪ್ರಾಣಕ್ಕೇ ಎರವಾಗಲಿದ್ದವರನ್ನು ಸ್ಥಳದಲ್ಲೇ ಮುಗಿಸುವ ಅವಕಾಶವಿದ್ದರೂ ಮಂತ್ರಿಗಳು ಸೆರೆವಾಸವನ್ನೇ ಆರಿಸಿಕೊಂಡರು. ಅದು ದಯೆಯೋ, ಸದ್ದಾಗಬಾರದೆಂಬ ಎಚ್ಚರವೋ ಎಂಬುದನ್ನು ಚರಿತ್ರೆ ಬಿಡಿಸಿ ಹೇಳುವುದಿಲ್ಲ.

ಟಿಪ್ಪು ಪಟ್ಟಕ್ಕೆ ಬಂದ ಬಳಿಕವೂ ಪೂರ್ಣಯ್ಯನವರ ಸ್ಥಾನ ಗಟ್ಟಿಯಾಗಿಯೇ ಉಳಿಯಿತು. 1783ರಲ್ಲಿ ಒಡೆಯರ ಮನೆತನವನ್ನು ಮತ್ತೆ ಗದ್ದುಗೆಗೆ ತರುವ ಸಂಚು ಶ್ರೀರಂಗಪಟ್ಟಣದಲ್ಲಿ ಬಯಲಾಗಿ, ಅದರಲ್ಲಿ ಭಾಗಿಗಳಾದವರು ಮರಣದಂಡನೆಗೆ ಗುರಿಯಾದರು. ಸಂಚಿನ ಮುಂದಾಳು ಅಂಚೆ ಶಾಮಯ್ಯ ಕಬ್ಬಿಣದ ಪಂಜರ ಸೇರಬೇಕಾಯಿತು. ಪೂರ್ಣಯ್ಯ ಇದನ್ನೆಲ್ಲ ಆಡಳಿತದ ಒಳಗಿನಿಂದಲೇ ಕಂಡವರು. ಯುದ್ಧ ಬಂದಾಗ ಸೇನೆಯ ಒಂದು ಭಾಗವನ್ನು ಮುನ್ನಡೆಸಿದರು. ಯುದ್ಧ ನಿಂತಾಗ ಕಂದಾಯದ ಕಡತಗಳನ್ನು ಬಿಚ್ಚಿದರು.

ಕೋಟೆ ಬಿದ್ದ ಮೇಲೆ

1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿತ್ತು. ಟಿಪ್ಪು ಹೋರಾಡುತ್ತಲೇ ಮಡಿದ. ಕೋಟೆಯ ಹೊರಗೆ ಸೇನೆಯೊಂದಿಗಿದ್ದ ಪೂರ್ಣಯ್ಯ ಬಳಿಕ ಜನರಲ್ ಹ್ಯಾರಿಸ್‌ಗೆ ಶರಣಾದರು. ಈ ಶರಣಾಗತಿಯ ಸುತ್ತ ಅಂದಿನಿಂದ ಇಂದಿನವರೆಗೂ ವಾದವಿವಾದ ನಡೆದಿದೆ. ಮೀರ್ ಸಾದಿಕ್ ಮೇಲಿನ ದ್ರೋಹದ ಆರೋಪವನ್ನು ಕೆಲವರು ಪೂರ್ಣಯ್ಯನವರವರೆಗೂ ಎಳೆಯುತ್ತಾರೆ. ಟಿಪ್ಪುವಿನ ಹಿರಿಯ ಮಗನನ್ನೇ ಪಟ್ಟಕ್ಕೆ ಕೂರಿಸುವಂತೆ ಪೂರ್ಣಯ್ಯ ಮೊದಲು ಸಲಹೆಯಿತ್ತಿದ್ದರು ಎಂಬುದನ್ನು ಇನ್ನು ಕೆಲವು ಚರಿತ್ರೆಕಾರರು ನೆನಪಿಸುತ್ತಾರೆ. ಕಂಪನಿ ಸರ್ಕಾರ ಬೇರೆಯೇ ನಿರ್ಧಾರ ತಳೆಯಿತು. 1799ರ ಜೂನ್ 30ರಂದು ಐದು ವರ್ಷದ ಬಾಲಕ ಮುಮ್ಮಡಿ ಕೃಷ್ಣರಾಜ ಒಡೆಯರ್ ಮೈಸೂರಿನಲ್ಲಿ ಪಟ್ಟವೇರಿದರು. ಆಡಳಿತದ ಹೊಣೆ ದಿವಾನ್ ಪೂರ್ಣಯ್ಯನವರ ಕೈಗೆ ಬಂತು.

ಕೈಗೆ ಬಂದದ್ದು ಸಿಂಹಾಸನಕ್ಕಿಂತ ಹೆಚ್ಚಾಗಿ ಸಾಲದ ಪತ್ರ. ಆ ವರ್ಷದ ಸಹಾಯಕ ಸೈನ್ಯ ಒಪ್ಪಂದದಂತೆ ಮೈಸೂರು ಪ್ರತಿವರ್ಷ ಏಳು ಲಕ್ಷ ಸ್ಟಾರ್ ವರಹಗಳನ್ನು ಕಂಪನಿಗೆ ಕಟ್ಟಬೇಕಿತ್ತು. ನಾಲ್ಕು ಯುದ್ಧಗಳಿಂದ ಊರುಗಳು ಸುಟ್ಟಿದ್ದವು, ಕೆರೆಗಳು ಒಡೆದಿದ್ದವು. ವಿಸರ್ಜನೆಗೊಂಡ ಸೇನೆಯ ಸಾವಿರಾರು ಸಿಪಾಯಿಗಳು ಆಯುಧ ಹಿಡಿದು, ಸಂಬಳವಿಲ್ಲದೆ ಅಲೆಯುತ್ತಿದ್ದರು. ಪಾಳೆಯಗಾರರು ತಮ್ಮ ಹಳೆಯ ಕೋಟೆಗಳತ್ತ ಮರಳುತ್ತಿದ್ದರು. ಇಂತಹ ಹೊತ್ತಿನಲ್ಲಿ ಯಾವ ಸರ್ಕಾರವಾದರೂ ಮೊದಲು ನೆನೆಯುವುದು ನೇಣುಗಂಬವನ್ನು.

ಕಂಪನಿ ಸರ್ಕಾರ ಮಾಡಿದ್ದೂ ಅದನ್ನೇ. ಟಿಪ್ಪುವಿನ ಸೆರೆಮನೆಯಿಂದ ಹೊರಬಂದ ಧೋಂಡಿಯಾ ವಾಘ್ ದೊಡ್ಡ ದಂಡು ಕಟ್ಟಿ ಮೈಸೂರಿನ ಉತ್ತರದ ಗಡಿಯನ್ನು ನಡುಗಿಸಿದಾಗ, ಅವನು ಎಲ್ಲಿ ಸಿಕ್ಕರೂ ಮೊದಲು ಕಂಡ ಮರಕ್ಕೆ ನೇಣು ಹಾಕಬೇಕೆಂಬ ಆದೇಶ 1800ರಲ್ಲಿ ಮದರಾಸಿನಿಂದ ಕರ್ನಲ್ ಆರ್ಥರ್ ವೆಲ್ಲೆಸ್ಲಿಗೆ ಬಂತು. ವಿಚಾರಣೆಯ ಮಾತೇ ಅದರಲ್ಲಿರಲಿಲ್ಲ. ಪೂರ್ಣಯ್ಯ ಈ ದಂಡಯಾತ್ರೆಗೆ ಕುದುರೆಪಡೆಯನ್ನೂ ಧವಸಧಾನ್ಯವನ್ನೂ ಒದಗಿಸಿದರು. ಆದೇಶ ಜಾರಿಯಾಗುವ ಪ್ರಸಂಗ ಬರಲಿಲ್ಲ. ಅದೇ ವರ್ಷದ ಸೆಪ್ಟೆಂಬರ್ 10ರಂದು ಕೋಣಗಲ್ ಬಳಿ ನಡೆದ ಕಾಳಗದಲ್ಲಿ ಧೋಂಡಿಯಾ ಮಡಿದ. ಅವನ ಪುಟ್ಟ ಮಗ ಸಲಾಬತ್ ಖಾನನನ್ನು ವೆಲ್ಲೆಸ್ಲಿಯೇ ತನ್ನ ಆಶ್ರಯಕ್ಕೆ ತೆಗೆದುಕೊಂಡ.

ಬಲಂ ನಾಯಕನ ನೇಣು

ಎರಡನೆಯ ಪ್ರಕರಣ ಮಲೆನಾಡಿನದು. ಇಂದಿನ ಸಕಲೇಶಪುರದ ಸುತ್ತಣ ಬಲಂ ಸೀಮೆಯ ನಾಯಕ ಕೃಷ್ಣಪ್ಪ ಹೊಸ ಸರ್ಕಾರಕ್ಕೆ ತಲೆಬಾಗಲು ಒಪ್ಪಲಿಲ್ಲ. ದಟ್ಟ ಕಾಡು, ಮುಳ್ಳುಬೇಲಿ ಮತ್ತು ಅರಕೆರೆಯ ನೆಲೆಯೇ ಅವನ ರಕ್ಷೆ. 1800ರಲ್ಲಿ ಬಂದ ಕಂಪನಿಯ ಪಡೆ ಹೆಚ್ಚಿನ ನಷ್ಟ ಅನುಭವಿಸಿ ಹಿಂದಿರುಗಿತು. 1802ರ ಜನವರಿಯಲ್ಲಿ ವೆಲ್ಲೆಸ್ಲಿ ಖುದ್ದಾಗಿ ದಂಡೆತ್ತಿ ಬಂದ. ಅರಕೆರೆ ಬಿತ್ತು, ನಾಯಕ ಕಾಡು ಸೇರಿದ. ಫೆಬ್ರವರಿಯಲ್ಲಿ ಮೈಸೂರಿನ ಸವಾರರ ಕೈಗೆ ಅವನು ಸಿಕ್ಕಿಬಿದ್ದ. ಸೆರೆಸಿಕ್ಕ ಬೆನ್ನಲ್ಲೇ ಅವನನ್ನೂ ಅವನ ಆರು ಮಂದಿ ಸಂಗಡಿಗರನ್ನೂ ಗಲ್ಲಿಗೇರಿಸಲಾಯಿತು.

ಪೂರ್ಣಯ್ಯನವರ ಬದುಕಿನಲ್ಲಿ ಮರಣದಂಡನೆಯ ಪ್ರಶ್ನೆ ಅತ್ಯಂತ ತೀಕ್ಷ್ಣವಾಗಿ ನಿಲ್ಲುವುದು ಇಲ್ಲಿಯೇ. ನಾಯಕನನ್ನು ಹಿಡಿದದ್ದು ಮೈಸೂರಿನ ಕುದುರೆಪಡೆ. ಆ ಪಡೆಯ ಒಡೆತನ ದಿವಾನರದ್ದು. ಬಲಂ ಸೀಮೆಯಲ್ಲಿ ಆನಂತರ ಶಾಂತಿ ನೆಲೆಸಿತು, ರಸ್ತೆಗಳಾದವು, ಬೇಸಾಯ ನಡೆಯಿತು ಎಂಬುದು ಗಲ್ಲಿನ ಪರವಾದ ವಾದ. ತನ್ನ ಹಿರೀಕರ ನೆಲವನ್ನು ಬಿಟ್ಟುಕೊಡದ ಒಬ್ಬ ನಾಯಕನನ್ನು, ಗೆದ್ದವರು ಪಂಚಾಯತಿಯ ಮುಂದೆ ನಿಲ್ಲಿಸದೆ ಆತುರದಲ್ಲಿ ಕೊಂದರು ಎಂಬುದು ವಿರುದ್ಧದ ವಾದ. ಕೊಲೆಗಾರನಿಗೆ ಕೊಡುವ ಶಿಕ್ಷೆಯನ್ನು ಬಂಡಾಯಗಾರನಿಗೂ ಕೊಡಬಹುದೇ ಎಂಬ ಪ್ರಶ್ನೆಗೆ ಅಂದು ಯಾರೂ ಉತ್ತರ ಹುಡುಕಲಿಲ್ಲ. ಮೈಸೂರಿನಲ್ಲಿ ಆಗ ಅದನ್ನು ಕೇಳುವ ನ್ಯಾಯಾಲಯವೂ ಇರಲಿಲ್ಲ.

ಎಲ್ಲ ಪಾಳೆಯಗಾರರ ವಿಷಯದಲ್ಲೂ ಪೂರ್ಣಯ್ಯ ಇದೇ ದಾರಿ ಹಿಡಿಯಲಿಲ್ಲ ಎಂಬುದನ್ನೂ ಹೇಳಬೇಕು. ಒಪ್ಪಂದಕ್ಕೆ ಬಂದವರಿಗೆ ಮಾಸಾಶನ ನೀಡಿದರು. ಸರ್ಕಾರದ ಸೇವೆಗೆ ಬರಲು ಇಚ್ಛಿಸಿದವರಿಗೆ ಅವಕಾಶ ಕೊಟ್ಟರು. ಬೀದಿಪಾಲಾಗಿದ್ದ ಸಿಪಾಯಿಗಳನ್ನು ಕಂದಾಚಾರ ಇಲಾಖೆಗೆ ಸೇರಿಸಿಕೊಂಡರು. ಊರಿನಲ್ಲೇ ನೆಲೆಸಿ, ಬಿಡುವಿನಲ್ಲಿ ಹೊಲ ಉತ್ತು, ಕರೆ ಬಂದಾಗ ಕಾವಲಿಗೆ ನಿಲ್ಲುವ ವ್ಯವಸ್ಥೆಯಿದು. ನಿನ್ನೆ ದರೋಡೆಗೆ ಇಳಿಯಬಹುದಾಗಿದ್ದ ಕೈಗಳು ಇಂದು ದರೋಡೆ ತಡೆಯುವ ಕೈಗಳಾದವು. ಹೊಟ್ಟೆಗೆ ದಾರಿ ತೋರಿಸಿದರೆ ಗಲ್ಲಿನ ಕೆಲಸ ತಾನಾಗಿಯೇ ಕಡಿಮೆಯಾಗುತ್ತದೆ ಎಂಬುದನ್ನು ಲೆಕ್ಕದ ಮನುಷ್ಯ ಬಲ್ಲವರಾಗಿದ್ದರು.

ಹೊಸ ಅದಾಲತ್ತು

ರಾಜ್ಯ ಒಂದು ಹದಕ್ಕೆ ಬಂದ ಮೇಲೆ, 1805ರಲ್ಲಿ, ಪೂರ್ಣಯ್ಯ ನ್ಯಾಯ ವಿಚಾರಣೆಗೆಂದೇ ಪ್ರತ್ಯೇಕ ಇಲಾಖೆಯೊಂದನ್ನು ಏರ್ಪಡಿಸಿದರು. ಇಬ್ಬರು ಬಕ್ಷಿಗಳು ನ್ಯಾಯಾಧೀಶರು, ಇಬ್ಬರು ಶಿರಸ್ತೇದಾರರು. ಅವರೊಂದಿಗೆ ಗೌರವಸ್ಥರಾದ ಆರು ಮಂದಿಯ ಪಂಚಾಯತಿ. ಧರ್ಮಶಾಸ್ತ್ರ ಹೇಳಲು ಒಬ್ಬ ಪಂಡಿತ, ಮುಸ್ಲಿಮರ ಕಾನೂನು ಹೇಳಲು ಒಬ್ಬ ಕಾಜಿ. ದಿವಾನರು ಒಪ್ಪಿಸಿದ ಸಿವಿಲ್ ಮತ್ತು ಕ್ರಿಮಿನಲ್ ಮೊಕದ್ದಮೆಗಳನ್ನು ಈ ಅದಾಲತ್ತು ವಿಚಾರಿಸಿ, ನಡಾವಳಿಯನ್ನು ಅಂತಿಮ ತೀರ್ಮಾನಕ್ಕಾಗಿ ಅವರಿಗೇ ಮರಳಿ ಕಳುಹಿಸುತ್ತಿತ್ತು. ತಾಲ್ಲೂಕುಗಳಲ್ಲಿ ಅಮಲ್ದಾರರು ಊರಿನ ಪ್ರಮುಖರ ಪಂಚಾಯತಿ ಕೂಡಿಸಿ ಸಾಕ್ಷ್ಯ ಕೇಳುವ ಪದ್ಧತಿಯೂ ಮುಂದುವರಿಯಿತು.

ಮೈಸೂರಿನ ರೆಸಿಡೆಂಟ್ ಆಗಿದ್ದ ಮಾರ್ಕ್ ವಿಲ್ಕ್ಸ್ ಅದೇ ವರ್ಷ ರಾಜ್ಯದ ಒಳಾಡಳಿತದ ಬಗ್ಗೆ ಬರೆದ ವರದಿ ಈ ಕಾಲದ ಮುಖ್ಯ ಆಧಾರ. ಮುಂದೆ ಲೂಯಿ ರೈಸ್ ಅವರ ಗೆಜೆಟಿಯರ್ ಕೂಡ ಅದನ್ನೇ ಅನುಸರಿಸಿತು. ಅದರ ಪ್ರಕಾರ ಪೂರ್ಣಯ್ಯನವರ ಆಡಳಿತದಲ್ಲಿ ಮರಣದಂಡನೆ ವಿಧಿಸುತ್ತಿದ್ದುದು ಎರಡೇ ಅಪರಾಧಗಳಿಗೆ: ಕೊಲೆ ಮತ್ತು ಗಡಿಭಾಗದ ಸುಲಿಗೆ. ಕಳ್ಳತನ, ದರೋಡೆಗಳಿಗೆ ಅಪರಾಧದ ಪ್ರಮಾಣಕ್ಕೆ ತಕ್ಕಂತೆ ಸೆರೆವಾಸ ಮತ್ತು ಕಠಿಣ ದುಡಿಮೆ. ತಪ್ಪು ಮಾಡಿದ ಸರ್ಕಾರಿ ನೌಕರರಿಗೆ ವಜಾ. ದಂಡದ ಹಣ ವಸೂಲಿಗೆ ದಿವಾನರ ಉತ್ತೇಜನವಿರಲಿಲ್ಲ. ಕೆಳಗಿನ ಅಧಿಕಾರಿಗಳ ಕೈಯಲ್ಲಿ ಅದು ಸುಲಿಗೆಯ ಸಾಧನವಾಗುತ್ತದೆಂಬ ಭಯ ಇದಕ್ಕೆ ಕಾರಣ. ಪ್ರಾಣದಂಡನೆಯ ತೀರ್ಮಾನವನ್ನು ಕೆಳಗಿನ ಯಾರೂ ಕೈಗೊಳ್ಳುವಂತಿರಲಿಲ್ಲ. ಅದು ದಿವಾನರ ಮುಂದೆ ಬರಬೇಕು. ಅವರು ರೆಸಿಡೆಂಟರೊಂದಿಗೆ ಸಮಾಲೋಚಿಸಿಯೇ ತೀರ್ಪು ನೀಡಬೇಕು.

ಈ ಮಿತಿಯ ಮಹತ್ವ ತಿಳಿಯಬೇಕಾದರೆ ಅದೇ ವರ್ಷಗಳ ಇಂಗ್ಲೆಂಡಿನತ್ತ ನೋಡಬೇಕು. ಅಲ್ಲಿನ ಕಾನೂನು ಪುಸ್ತಕಗಳಲ್ಲಿ ಇನ್ನೂರಕ್ಕೂ ಹೆಚ್ಚು ಅಪರಾಧಗಳಿಗೆ ಗಲ್ಲು ನಿಗದಿಯಾಗಿತ್ತು. ಅಂಗಡಿಯಿಂದ ಐದು ಷಿಲ್ಲಿಂಗ್ ಬೆಲೆಯ ವಸ್ತು ಕದ್ದವನೂ ಕಾನೂನಿನ ಲೆಕ್ಕದಲ್ಲಿ ಸಾವಿಗೆ ಅರ್ಹ. ಜೇಬುಗಳ್ಳತನಕ್ಕೆ ಗಲ್ಲು ಬೇಡವೆಂದು ಸ್ಯಾಮುಯೆಲ್ ರೊಮಿಲಿ ಪಾರ್ಲಿಮೆಂಟಿನ ಮನವೊಲಿಸಿದ್ದು 1808ರಲ್ಲಿ. ಅಂಗಡಿ ಕಳ್ಳತನದ ಬಗ್ಗೆ ಅವರು ತಂದ ಮಸೂದೆ 1810ರಲ್ಲಿ ಪ್ರಭುಗಳ ಸಭೆಯಲ್ಲಿ ಬಿದ್ದುಹೋಯಿತು. ಮರಣದಂಡನೆಯ ವಿರುದ್ಧ ಯುರೋಪಿನಲ್ಲಿ ಮೊದಲ ಬಲವಾದ ವಾದ ಮಂಡಿಸಿದ ಇಟಲಿಯ ಬೆಕಾರಿಯ ಅವರ ಗ್ರಂಥ 1764ರಲ್ಲೇ ಬಂದಿತ್ತು. ಪೂರ್ಣಯ್ಯ ಅದನ್ನು ಓದಿದವರಲ್ಲ. ಸಿದ್ಧಾಂತದ ಹಂಗಿಲ್ಲದೆ, ಆಡಳಿತದ ಅನುಭವದಿಂದಲೇ ಕಳ್ಳನ ಕೊರಳನ್ನು ಅವರು ನೇಣಿನಿಂದ ಹೊರಗಿಟ್ಟರು.

ಉಳಿದ ನೆರಳು

ಆದರೂ ಆ ನಿಯಮದಲ್ಲಿ ಎರಡು ಬಿರುಕುಗಳಿದ್ದವು. ಮೊದಲನೆಯದು ಗಡಿಯ ಸುಲಿಗೆ ಎಂಬ ಮಾತು. ಕೊಲೆ ಎಂದರೇನೆಂದು ಎಲ್ಲರಿಗೂ ಗೊತ್ತು. ಗಡಿಯಲ್ಲಿ ಆಯುಧ ಹಿಡಿದವನು ಸುಲಿಗೆಗಾರನೋ, ನೆಲ ಕಳೆದುಕೊಂಡ ನಾಯಕನೋ, ಸಂಬಳ ಸಿಗದ ಸಿಪಾಯಿಯೋ ಎಂಬುದನ್ನು ತೀರ್ಮಾನಿಸುತ್ತಿದ್ದುದು ಅವನ ವಿರುದ್ಧ ಹೋರಾಡಿದ ಸರ್ಕಾರವೇ. ಮಾಮೂಲು ಅಪರಾಧಿಗೆ ತೋರಿದ ಸಂಯಮವನ್ನು ರಾಜ್ಯದ ವಿರೋಧಿಗೆ ತೋರಲು ಆ ಕಾಲದ ಆಡಳಿತ ಸಿದ್ಧವಿರಲಿಲ್ಲ. ಇಂದಿನ ಪ್ರಜಾಪ್ರಭುತ್ವಗಳಲ್ಲೂ ಭಯೋತ್ಪಾದನೆಯ ಪ್ರಕರಣ ಬಂದಾಗ ವಾದ ಇಲ್ಲಿಗೇ ಬಂದು ನಿಲ್ಲುತ್ತದೆ.

ಎರಡನೆಯದು ಅಂತಿಮ ಅಧಿಕಾರ ಇದ್ದ ಜಾಗ. ತನಿಖೆ, ವಿಚಾರಣೆ, ತೀರ್ಪು ಎಲ್ಲವೂ ಕೊನೆಗೆ ಸೇರುತ್ತಿದ್ದುದು ಒಬ್ಬ ದಿವಾನರ ಮೇಜಿಗೆ. ಅವರ ಹೊರತಾಗಿ ಮಾತನಾಡುವ ಹಕ್ಕು ಇದ್ದವನು ವಿದೇಶಿ ಕಂಪನಿಯ ಪ್ರತಿನಿಧಿ. ಬಾಲಕ ಅರಸನ ಹೆಸರಿನಲ್ಲಿ ನಡೆದ ಆಡಳಿತದಲ್ಲಿ ಕ್ಷಮೆ ಬೇಡಲು ಮತ್ತೊಂದು ಬಾಗಿಲು ಇರಲಿಲ್ಲ. ಒಳ್ಳೆಯ ದಿವಾನರಿರುವಷ್ಟು ಕಾಲ ಒಳ್ಳೆಯ ನಿಯಮ. ಅವರು ಹೋದ ಮೇಲೆ ಏನು ಎಂಬುದಕ್ಕೆ ಆ ವ್ಯವಸ್ಥೆ ಭದ್ರತೆ ಒದಗಿಸಲಿಲ್ಲ.

ಯಳಂದೂರಿನ ನಂಟು

1804ರಲ್ಲಿ ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಕಲ್ಲಿನ ಸೇತುವೆ ಕಟ್ಟಿಸಿ ಅದಕ್ಕೆ ಗವರ್ನರ್ ಜನರಲ್ ವೆಲ್ಲೆಸ್ಲಿಯ ಹೆಸರಿಟ್ಟ ಪೂರ್ಣಯ್ಯ, ಮೈಸೂರಿಗೆ ಕಾವೇರಿ ನೀರು ತರಲು ಕಾಲುವೆಯನ್ನೂ ತೋಡಿಸಿದರು. ಆ ಕಾಲುವೆ ಉದ್ದೇಶ ಮುಟ್ಟಲಿಲ್ಲವಾದರೂ ಪೂರ್ಣಯ್ಯ ನಾಲೆ ಎಂಬ ಹೆಸರು ಮೈಸೂರಿನಲ್ಲಿ ಉಳಿಯಿತು. ಅವರ ಸೇವೆಗೆ ಪ್ರತಿಫಲವಾಗಿ 1807ರಲ್ಲಿ ಯಳಂದೂರು ಸೀಮೆಯನ್ನು ವಂಶಪಾರಂಪರ್ಯ ಜಹಗೀರಾಗಿ ನೀಡಲಾಯಿತು. ಪಕ್ಕದ ಕೊಳ್ಳೇಗಾಲ 1799ರಲ್ಲೇ ಕಂಪನಿಯ ಪಾಲಾಗಿ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು; ಅದು ಮತ್ತೆ ಮೈಸೂರು ರಾಜ್ಯಕ್ಕೆ ಬಂದದ್ದು 1956ರ ನವೆಂಬರ್ 1ರಂದು. ಹೊನ್ನುಹೊಳೆಯ ದಡದ ಯಳಂದೂರು ಮಾತ್ರ ಮೈಸೂರಿನ ಅಂಚಿನಲ್ಲಿ, ಪೂರ್ಣಯ್ಯ ಹುಟ್ಟಿದ ಕೊಯಮತ್ತೂರು ಸೀಮೆಗೆ ಮುಖಮಾಡಿ ನಿಂತಿತ್ತು.

ಸಂಚಿ ಹೊನ್ನಮ್ಮ, ಷಡಕ್ಷರದೇವರಂತಹ ಕವಿಗಳ ಹೆಸರಿನೊಂದಿಗೆ ಬೆಸೆದ ಈ ಊರಿಗೆ ಪ್ರಾಣದಂಡನೆಯ ಮತ್ತೊಂದು ಹಳೆಯ ನೆನಪೂ ಇದೆ. ಚಿಕ್ಕದೇವರಾಜ ಒಡೆಯರ ಮಂತ್ರಿಯಾಗಿದ್ದ ಜೈನ ಪಂಡಿತ ವಿಶಾಲಾಕ್ಷ ಯಳಂದೂರಿನವರು. ಅವರ ಕಾಲದಲ್ಲಿ ಕಂದಾಯದ ವಿರುದ್ಧ ರೈತರು ಬಂಡೆದ್ದಾಗ ನಂಜನಗೂಡಿನಲ್ಲಿ ನಾನ್ನೂರಕ್ಕೂ ಹೆಚ್ಚು ಜಂಗಮರನ್ನು ಕೊಲ್ಲಿಸಲಾಯಿತೆಂದು ವಿಲ್ಕ್ಸ್ ತಮ್ಮ ಚರಿತ್ರೆಯಲ್ಲಿ ಬರೆದಿದ್ದಾರೆ. ಹಯವದನರಾಯರಂತಹ ನಂತರದ ಇತಿಹಾಸಕಾರರು ಈ ವಿವರಣೆಯನ್ನು ಹಾಗೆಯೇ ಒಪ್ಪಲಿಲ್ಲ. ವಿಶಾಲಾಕ್ಷ ಪಂಡಿತರು 1686ರಲ್ಲಿ ಹಂತಕರ ಕೈಯಲ್ಲಿ ಸತ್ತರು ಎಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ಕೊಲೆಗೆ ಕೊಲೆ ಎಂಬ ಸರಪಳಿ ಎಲ್ಲಿಗೂ ಮುಗಿಯುವುದಿಲ್ಲ ಎಂಬುದಕ್ಕೆ ಯಳಂದೂರು ಹೊರಗೆ ಉದಾಹರಣೆ ಹುಡುಕಬೇಕಿಲ್ಲ.

ಪೂರ್ಣಯ್ಯನವರ ಕೊನೆಯ ವರ್ಷಗಳು ನೆಮ್ಮದಿಯವಾಗಿರಲಿಲ್ಲ. ಅರಸರು ವಯಸ್ಸಿಗೆ ಬಂದಂತೆ ದಿವಾನರ ಹಿಡಿತ ಅವರಿಗೆ ಭಾರವೆನಿಸಿತು. ಇಬ್ಬರ ನಡುವೆ ಮನಸ್ತಾಪ ಬೆಳೆಯಿತು. ಕೊನೆಗೆ ಪೂರ್ಣಯ್ಯ ಅಧಿಕಾರ ಬಿಟ್ಟು ಶ್ರೀರಂಗಪಟ್ಟಣಕ್ಕೆ ತೆರಳಿದರು. ಬೊಕ್ಕಸದಲ್ಲಿ ಎರಡು ಕೋಟಿ ರೂಪಾಯಿಗೂ ಹೆಚ್ಚು ಹಣ ಬಿಟ್ಟುಹೋದರೆಂದು ಗೆಜೆಟಿಯರ್ ಹೇಳುತ್ತದೆ. 1812ರ ಮಾರ್ಚಿಯಲ್ಲಿ ಅವರು ನಿಧನರಾದರು. ಮುಮ್ಮಡಿಯವರ ನೇರ ಆಳ್ವಿಕೆ ಎರಡು ದಶಕ ನಡೆದು, ನಗರ ಬಂಡಾಯದ ಬಳಿಕ 1831ರಲ್ಲಿ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡರು. ಯಳಂದೂರಿನ ಜಹಗೀರು ಪೂರ್ಣಯ್ಯನವರ ವಂಶದಲ್ಲೇ ಉಳಿಯಿತು. ಆ ಮನೆತನದ ಪಿ.ಎನ್. ಕೃಷ್ಣಮೂರ್ತಿ 1901ರಿಂದ 1906ರವರೆಗೆ ಮೈಸೂರಿನ ದಿವಾನರಾದರು. ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹರಿದದ್ದೂ, ಬೆಂಗಳೂರಿನ ಬೀದಿಯಲ್ಲಿ ದೀಪ ಹತ್ತಿದ್ದೂ ಅವರ ಕಾಲದಲ್ಲಿ.

ಅದೇ ಬೆಟ್ಟಗಳ ಸಾಲಿನಲ್ಲಿ

ಪೂರ್ಣಯ್ಯ ಸತ್ತು ನೂರೆಂಬತ್ತು ವರ್ಷಗಳಾದ ಮೇಲೆ ಅವರ ಜಹಗೀರಿನ ನೆರೆಯ ಕಾಡುಗಳಲ್ಲೇ ಆ ಹಳೆಯ ಪ್ರಶ್ನೆ ಮತ್ತೆ ಎದ್ದಿತು. ವೀರಪ್ಪನ್ ಗುಂಪಿನ ಹಿಂಸೆಗೆ 1991ರಲ್ಲಿ ಅರಣ್ಯಾಧಿಕಾರಿ ಪಿ. ಶ್ರೀನಿವಾಸ್, 1992ರಲ್ಲಿ ಮೀಣ್ಯಂ ಬಳಿ ಎಸ್ಪಿ ಹರಿಕೃಷ್ಣ ಮತ್ತು ಸಬ್ ಇನ್‌ಸ್ಪೆಕ್ಟರ್ ಶಕೀಲ್ ಅಹ್ಮದ್ ಬಲಿಯಾದರು. 1993ರ ಏಪ್ರಿಲ್ 9ರಂದು ಮಲೆ ಮಹದೇಶ್ವರ ಬೆಟ್ಟದಾಚೆಯ ಪಾಲಾರ್ ಬಳಿ ನಡೆದ ನೆಲಬಾಂಬ್ ಸ್ಫೋಟದಲ್ಲಿ 22 ಮಂದಿ ಸತ್ತರು. ಈ ಪ್ರಕರಣದಲ್ಲಿ ಮೈಸೂರಿನ ಟಾಡಾ ನ್ಯಾಯಾಲಯ 2001ರಲ್ಲಿ ಜೀವಾವಧಿ ಶಿಕ್ಷೆ ವಿಧಿಸಿತು. ಶಿಕ್ಷೆಗೊಳಗಾದ ನಾಲ್ವರು ಮೇಲ್ಮನವಿ ಸಲ್ಲಿಸಿದಾಗ ಸುಪ್ರೀಂ ಕೋರ್ಟ್ 2004ರಲ್ಲಿ ಅದನ್ನು ಗಲ್ಲಿಗೆ ಏರಿಸಿತು. ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿ ಅವರು ವರ್ಷಗಟ್ಟಲೆ ಕಾದರು. 2013ರ ಫೆಬ್ರವರಿಯಲ್ಲಿ ರಾಷ್ಟ್ರಪತಿಗಳು ಕ್ಷಮಾದಾನ ಅರ್ಜಿಯನ್ನು ತಿರಸ್ಕರಿಸಿದರು. 2014ರ ಜನವರಿ 21ರಂದು, ಅರ್ಜಿ ತೀರ್ಮಾನದಲ್ಲಿ ಆದ ಅತಿ ವಿಳಂಬವೇ ಒಂದು ಯಾತನೆ ಎಂದು ಪರಿಗಣಿಸಿ, ಇವರೂ ಸೇರಿ ದೇಶದ 15 ಮಂದಿಯ ಗಲ್ಲನ್ನು ಸುಪ್ರೀಂ ಕೋರ್ಟ್ ಜೀವಾವಧಿಗೆ ಇಳಿಸಿತು.

ಮಡಿದವರ ಮನೆಗಳ ನೋವು ಒಂದು ಕಡೆ, ಪ್ರತಿದಿನ ಬೆಳಗಿನ ಹೆಜ್ಜೆಸದ್ದಿಗೆ ನಡುಗಿದ ಕೈದಿಗಳ ಒಂಬತ್ತು ವರ್ಷ ಇನ್ನೊಂದು ಕಡೆ. ಗಡಿಯ ಕಾಡಿನಲ್ಲಿ ನಡೆದ ಹಿಂಸೆಗೆ ರಾಜ್ಯ ಪ್ರಾಣವನ್ನೇ ಕೇಳಬೇಕೇ ಎಂಬ ಪ್ರಶ್ನೆ ಪೂರ್ಣಯ್ಯನವರ ಎರಡನೆಯ ಕಲಮಿನದೇ ಮುಂದುವರಿಕೆ. ವ್ಯತ್ಯಾಸವಿರುವುದು ದಾರಿಯಲ್ಲಿ. ಬಲಂ ನಾಯಕನಿಗೆ ಸೆರೆಗೂ ನೇಣಿಗೂ ನಡುವೆ ಸಿಗದ ಕಾಲಾವಕಾಶ ಪಾಲಾರ್ ಕೈದಿಗಳಿಗೆ ಸಿಕ್ಕಿತು: ವಿಚಾರಣೆ, ಮೇಲ್ಮನವಿ, ಕ್ಷಮಾದಾನ, ಮತ್ತೆ ನ್ಯಾಯಾಲಯ. ಆ ಬಾಗಿಲುಗಳಲ್ಲಿ ಕೊನೆಯದು ಅವರ ಜೀವ ಉಳಿಸಿತು.

1980ರ ಬಚನ್ ಸಿಂಗ್ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಗಲ್ಲನ್ನು ಅಪರೂಪದಲ್ಲಿ ಅಪರೂಪದ ಪ್ರಕರಣಗಳಿಗೆ ಸೀಮಿತಗೊಳಿಸಿತು. ಕಾನೂನು ಆಯೋಗ 2015ರಲ್ಲಿ ಸಲ್ಲಿಸಿದ 262ನೆಯ ವರದಿ, ಭಯೋತ್ಪಾದನೆ ಮತ್ತು ದೇಶದ ವಿರುದ್ಧದ ಯುದ್ಧದ ಪ್ರಕರಣಗಳನ್ನು ಬಿಟ್ಟು ಉಳಿದೆಲ್ಲ ಅಪರಾಧಗಳಿಗೆ ಅದನ್ನು ರದ್ದುಪಡಿಸಲು ಶಿಫಾರಸು ಮಾಡಿತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆ ಮರಣದಂಡನೆಯನ್ನು ಉಳಿಸಿಕೊಂಡಿದೆ. ಗಲ್ಲಿಗೆ ಗಡಿ ಹಾಕುವವರು ಕೊನೆಗೂ ಒಂದು ಹೊರತು ಇಟ್ಟುಕೊಳ್ಳುತ್ತಾರೆ. ಆ ಹೊರತು ರಾಜ್ಯದ ಶತ್ರುವಿಗೆ ಮೀಸಲು. 1805ರ ಮೈಸೂರಿನಲ್ಲಿ ಹೇಗೋ, 2015ರ ದೆಹಲಿಯಲ್ಲೂ ಹಾಗೆಯೇ.

ಪೂರ್ಣಯ್ಯ ಸಂತರಾಗಿರಲಿಲ್ಲ, ಹಾಗೆಂದು ಅವರು ಹೇಳಿಕೊಳ್ಳಲೂ ಇಲ್ಲ. ಕೈಯಲ್ಲಿ ಪೂರ್ಣ ಅಧಿಕಾರವಿದ್ದಾಗ, ಕೊಲ್ಲುವ ಅಧಿಕಾರವನ್ನು ಕೆಳಗಿನವರಿಂದ ಕಿತ್ತುಕೊಂಡು, ಕಳ್ಳನನ್ನೂ ದರೋಡೆಕೋರನನ್ನೂ ದುಡಿಮೆಗೆ ಹಚ್ಚಿ, ಅದಾಲತ್ತಿಗೆ ಪಂಡಿತ ಮತ್ತು ಕಾಜಿ ಇಬ್ಬರನ್ನೂ ಕೂರಿಸಿದ್ದು ಅವರ ಹೆಚ್ಚುಗಾರಿಕೆ. ಬಲಂ ಸೀಮೆಯಲ್ಲಿ ಹಗ್ಗ ಬಿಗಿದಾಗ ಆ ಸಂಯಮ ಇನ್ನೂ ಹುಟ್ಟಿರಲಿಲ್ಲ ಎಂಬುದು ಅವರ ಬದುಕಿನ ಕಹಿ. ಯಳಂದೂರಿನ ಬಂಗಲೆಯ ಮುಂದೆ ಒಂದು ಗಳಿಗೆ ನಿಲ್ಲುವವರು ಇವೆರಡನ್ನೂ ಒಟ್ಟಿಗೇ ನೆನೆಯಬೇಕು.